ಸರಪಳಿಗೆ ಬದಲು ಗೂಡು: ಆದೋನಿ ಸೀಮೆಯ ಸಾಕುನಾಯಿಗೆ ಕ್ರೇಟ್ ಹೇಗಿರಬೇಕು?

ಆದೋನಿ, ಆಲೂರು, ಎಮ್ಮಿಗನೂರು, ಕೋಸಿಗಿ ಕಡೆಯ ಮನೆಗಳಲ್ಲಿ ನಾಯಿ ಸಾಕುವ ರೀತಿ ಬಹುಪಾಲು ಒಂದೇ. ಹಗಲು ಗೇಟಿನ ಕಂಬಕ್ಕೋ ಮೆಟ್ಟಿಲ ಕೆಳಗಿನ ಕೊಕ್ಕೆಗೋ ಸರಪಳಿ ಹಾಕಿ ಕಟ್ಟುವುದು, ಮಂದಿ ಮಲಗಿದ ಮೇಲೆ ಬಿಚ್ಚಿ ಅಂಗಳಕ್ಕೆ ಬಿಡುವುದು. ಲ್ಯಾಬ್ರಡಾರ್, ಪಗ್, ಪೊಮೆರೇನಿಯನ್ ಸಾಕುವ ಪೇಟೆಯ ಮನೆಗಳಿಗೆ ಈಗ ಕ್ರೇಟ್ ಕೂಡ ಬಂದಿದೆ: ಮಡಚಿಡಬಹುದಾದ ತಂತಿಯ ಗೂಡು, ಇಲ್ಲವೇ ಗಾಳಿಕಿಂಡಿ ಇರುವ ಪ್ಲಾಸ್ಟಿಕ್ ಗೂಡು. ಇದರೊಳಗೆ ಬಿಟ್ಟರೆ ನಾಯಿಯ ಕಾಟವೇ ಇಲ್ಲ ಎಂದು ಕೆಲವರು ಮೆಚ್ಚಿಕೊಂಡರೆ, ಮೂಕಪ್ರಾಣಿಯನ್ನು ಜೈಲಿಗೆ ಹಾಕಿದಂತೆ ಎಂದು ಇನ್ನು ಕೆಲವರು ನೊಂದುಕೊಳ್ಳುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಹುರುಳಿದೆ. ನನ್ನ ವಾದ ಇಷ್ಟೇ. ನಮ್ಮ ಸೀಮೆಯಲ್ಲಿ ಕ್ರೇಟ್ ಸರಪಳಿಯ ಜಾಗಕ್ಕೆ ಬರಬೇಕೇ ಹೊರತು ನಾಯಿಯ ಓಡಾಟದ ಜಾಗಕ್ಕೆ ಬರಬಾರದು. ಅದಕ್ಕೆ ಎರಡು ಷರತ್ತುಗಳಿವೆ: ದಿನದ ಹೆಚ್ಚು ಹೊತ್ತು ಅದರ ಬಾಗಿಲು ತೆರೆದಿರಬೇಕು, ಬಾಗಿಲು ಹಾಕುವ ಹೊತ್ತನ್ನು ಇಲ್ಲಿನ ಬಿಸಿಲು ನೋಡಿ ಗೊತ್ತುಮಾಡಬೇಕು.

ಮೊದಲು ಸರಪಳಿಯ ವಿಚಾರ. ಕಟ್ಟಿದ ನಾಯಿಯಿಂದ ಅಪಾಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಮೆರಿಕದ ಡೆನ್ವರ್ ನಗರದಲ್ಲಿ ಕಚ್ಚಿದ ನಾಯಿಗಳನ್ನು ಕಚ್ಚದ ನಾಯಿಗಳೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಕಚ್ಚಿದ ನಾಯಿಗಳಲ್ಲಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವಂಥವು ಹೆಚ್ಚಿಗೆ ಇದ್ದವು ಎಂದು ಅದು ತೋರಿಸಿತು. ಸಿಟ್ಟಿನ ನಾಯಿಯನ್ನೇ ಮಂದಿ ಕಟ್ಟಿರಬಹುದಲ್ಲ ಎಂದು ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಈ ಲೆಕ್ಕದಿಂದಷ್ಟೇ ಸರಪಳಿಯೇ ಕಾರಣ ಎಂದು ಹೇಳಲಾಗದು. ಆದರೆ ಕಟ್ಟಿದ ನಾಯಿಯ ಮುಂದೆ ಹೊಸಬರು ನಿಂತಾಗ ಏನಾಗುತ್ತದೆ ಎಂಬುದನ್ನು ನೋಡಿ. ಹೆದರಿದ ನಾಯಿಯ ಮೊದಲ ಆಯ್ಕೆ ಹಿಂದೆ ಸರಿಯುವುದು. ಸರಪಳಿ ಬಿಗಿಯಾದ ಕೂಡಲೇ ಆ ದಾರಿ ಮುಚ್ಚಿತು. ಬೊಗಳಿ ನೋಡುತ್ತದೆ; ಚೆಂಡು ಹುಡುಕುತ್ತ ಬಂದ ಹುಡುಗ ಅದಕ್ಕೂ ಜಗ್ಗದೆ ಹತ್ತಿರ ಬಂದರೆ ಅದಕ್ಕೆ ಹಲ್ಲು ಒಂದೇ ಉಳಿಯುತ್ತದೆ. ಮನೆಯೊಳಗೆ ಹೋಗಿ ಅಡಗಲು ಒಂದು ಗೂಡು ಇದ್ದಿದ್ದರೆ ಅದು ಅಲ್ಲಿಗೆ ಓಡುತ್ತಿತ್ತು.

ಕಾನೂನೂ ಈ ವಿಚಾರದಲ್ಲಿ ಸ್ಪಷ್ಟವಾಗಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮು ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಅಪರಾಧ ಎಂದು ಎಣಿಸುತ್ತದೆ. ಉದ್ದ, ಅಗಲ, ಎತ್ತರ ಸಾಲದೆ ಪ್ರಾಣಿಗೆ ತಕ್ಕಮಟ್ಟಿಗೆ ಅಲ್ಲಾಡಲೂ ಆಗದ ಗೂಡಿನಲ್ಲಿಡುವುದು ಒಂದು. ತೀರ ಗಿಡ್ಡನೆಯ ಅಥವಾ ತೀರ ಭಾರದ ಸರಪಳಿಯಲ್ಲಿ ವಿನಾಕಾರಣ ಹೊತ್ತುಗಟ್ಟಲೆ ಕಟ್ಟುವುದು ಇನ್ನೊಂದು. ಯಾವಾಗಲೂ ಕಟ್ಟಿಯೇ ಇಟ್ಟ ಅಥವಾ ಮುಚ್ಚಿಯೇ ಇಟ್ಟ ನಾಯಿಯನ್ನು ಓಡಾಡಿಸದೆ ಬಿಡುವುದು ಮೂರನೆಯದು. ಈ ಮೂರನೆಯ ಮಾತನ್ನು ಕ್ರೇಟ್ ಕೊಳ್ಳುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಡಬೇಕು, ಏಕೆಂದರೆ ಅದರ ಕಣ್ಣಿಗೆ ಸರಪಳಿಯೂ ಗೂಡೂ ಒಂದೇ. ವ್ಯಾಯಾಮ ಇಲ್ಲದಿದ್ದರೆ ಎರಡೂ ತಪ್ಪು.

ಸರಪಳಿ ಬಿಚ್ಚಿ ಗೂಡಿಗೆ ಹಾಕಿದ ಮಾತ್ರಕ್ಕೆ ನಾಯಿಯ ಬದುಕು ಸುಧಾರಿಸುವುದಿಲ್ಲ ಎಂಬುದಕ್ಕೂ ಪುರಾವೆ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹಿಮಗಾಡಿ ಎಳೆಯುವ ನಾಯಿಗಳನ್ನು ಕೆಲಕಾಲ ಸರಪಳಿಯಲ್ಲಿ, ಕೆಲಕಾಲ ಬೇಲಿಯ ಆವರಣದಲ್ಲಿಟ್ಟು ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವುಗಳ ವರ್ತನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸರಪಳಿಯ ಪರವಾದ ವಾದ ಎಂದು ಓದುವವರೂ ಇದ್ದಾರೆ. ನನಗೆ ಕಾಣುವ ಪಾಠ ಬೇರೆ. ಒಂಟಿಯಾಗಿ, ಮಾಡಲು ಏನೂ ಇಲ್ಲದೆ ದಿನ ಕಳೆಯುವ ನಾಯಿಗೆ ಸುತ್ತ ಸರಪಳಿ ಇದೆಯೋ ತಂತಿ ಇದೆಯೋ ಎಂಬುದು ದೊಡ್ಡ ಸಂಗತಿಯಲ್ಲ. ಅದರ ದಿನ ಹೇಗೆ ಹೋಗುತ್ತದೆ, ಎಷ್ಟು ಹೊತ್ತು ಮನೆಯವರ ನಡುವೆ ಇರುತ್ತದೆ, ಹೊರಗೆ ಎಷ್ಟು ಓಡುತ್ತದೆ ಎಂಬುದು ಮುಖ್ಯ. ಕ್ರೇಟಿನಿಂದ ಲಾಭವಾಗುವುದು ಅದು ನಾಯಿಯನ್ನು ಗೇಟಿನಿಂದ ಎತ್ತಿ ಮನೆಯವರ ನಡುವೆ ತಂದಿಟ್ಟಾಗ ಮಾತ್ರ.

ಇನ್ನೊಂದು ಜನಪ್ರಿಯ ವಾದವನ್ನೂ ಇಲ್ಲಿಯೇ ಪರೀಕ್ಷಿಸಬೇಕು. ನಾಯಿ ಹುಟ್ಟಿನಿಂದಲೇ ಗುಹೆಯ ಪ್ರಾಣಿ, ಆದ್ದರಿಂದ ಗೂಡು ಅದಕ್ಕೆ ತಾನಾಗಿ ಇಷ್ಟವಾಗುತ್ತದೆ ಎಂದು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ನಮ್ಮ ಬೀದಿನಾಯಿಗಳನ್ನೇ ನೋಡಿದರೆ ಸಾಕು: ಈದ ಹೆಣ್ಣುನಾಯಿ ಮೋರಿಯ ಚಪ್ಪಡಿ ಕೆಳಗೆ, ಪಾಳುಮನೆಯ ಮೂಲೆಯಲ್ಲಿ, ಹುಲ್ಲಿನ ಬಣವೆಯ ಬುಡದಲ್ಲಿ ತಾವು ಹುಡುಕುತ್ತದೆ, ಮರಿಗಳು ಓಡಾಡುವಂತಾದ ಮೇಲೆ ಅದನ್ನು ಬಿಟ್ಟುಬಿಡುತ್ತದೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿನಾಯಿಗಳ ಮೇಲೆ ನಡೆಸಿರುವ ಅಧ್ಯಯನಗಳೂ, ತಾಯಿನಾಯಿಗಳು ಮರಿ ಹಾಕಲು ಮನುಷ್ಯರ ವಾಸಕ್ಕೆ ಹತ್ತಿರದ ಜಾಗವನ್ನೇ ಹೆಚ್ಚಾಗಿ ಆರಿಸುತ್ತವೆ ಎಂದು ತೋರಿಸಿವೆ. ಬೆಳೆದ ನಾಯಿ ಗೂಡಿನಲ್ಲಿ ಬದುಕುವ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ಬೆನ್ನಿಗೆ ಗೋಡೆ, ತಲೆಯ ಮೇಲೆ ನೆರಳು, ಎದುರಿಗೆ ಮನೆಯವರು ಕಾಣುವ ಜಾಗ, ಬೇಕೆಂದಾಗ ಎದ್ದುಹೋಗುವ ದಾರಿ. ಬಂಡಿಯ ಕೆಳಗೆ ಮಲಗುವ ನಾಯಿ ಹುಡುಕುವುದೂ ಇದನ್ನೇ. ಆದ್ದರಿಂದ ಕ್ರೇಟ್ ತಂದಿಟ್ಟ ಕೂಡಲೇ ನಾಯಿ ಒಳಗೆ ಹೋಗಿ ಸುಖವಾಗಿ ಮಲಗುತ್ತದೆ ಎಂದು ಎಣಿಸಬಾರದು. ಅದನ್ನು ಕಲಿಸಬೇಕು.

ಬಿಸಿಲೇ ಮೊದಲ ನಿಯಮ

ಕ್ರೇಟಿನ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಚಳಿ ದೇಶಗಳಿಂದ ಬಂದವು. ಮೇಲೆ ದಪ್ಪ ಬಟ್ಟೆ ಹೊದಿಸಿ ಕತ್ತಲೆ ಮಾಡಿ, ಮೆತ್ತನೆಯ ಹಾಸಿಗೆ ಹಾಕಿ ಎಂದು ಅವು ಹೇಳುತ್ತವೆ. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಇಲ್ಲಿ ಆ ಸಲಹೆಯನ್ನು ಹಾಗೆಯೇ ಪಾಲಿಸಿದರೆ ನಾಯಿ ಸಾಯಬಹುದು. ನಾಯಿಗೆ ಮೈತುಂಬ ಬೆವರುವ ಶಕ್ತಿ ಇಲ್ಲ; ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ ಅಷ್ಟೇ. ಮೈ ತಂಪು ಮಾಡಿಕೊಳ್ಳುವುದು ನಾಲಗೆ ಚಾಚಿ ತೇಕುವುದರಿಂದ, ಅಂದರೆ ಬಾಯಿ ಮತ್ತು ಶ್ವಾಸನಾಳದ ತೇವ ಆರುವುದರಿಂದ. ಸುತ್ತ ಒಣ ಗಾಳಿ ಆಡುತ್ತಿದ್ದರೆ ಮಾತ್ರ ತೇವ ಆರುತ್ತದೆ. ಮುಚ್ಚಿದ ಗೂಡಿನಲ್ಲಿ ನಾಯಿಯದೇ ಉಸಿರು ತುಂಬಿ ಗಾಳಿ ಒದ್ದೆಯಾಗುತ್ತದೆ, ತೇಕುವುದು ಹೆಚ್ಚುತ್ತದೆ, ತೇಕಿದ ಶ್ರಮಕ್ಕೆ ಮೈ ಇನ್ನಷ್ಟು ಕಾಯುತ್ತದೆ. ನಾಯಿಯ ಸಹಜ ದೇಹತಾಪ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106ರ ಹತ್ತಿರ ಹೋದರೆ ಪ್ರಾಣಾಪಾಯ. ಮೂಗು ಚಪ್ಪಟೆಯಾದ ಪಗ್ ಜಾತಿಗೆ ಈ ಅಪಾಯ ಇನ್ನೂ ಬೇಗ ಬರುತ್ತದೆ, ಏಕೆಂದರೆ ತೇಕಲು ಬೇಕಾದ ದಾರಿಯೇ ಅದಕ್ಕೆ ಇಕ್ಕಟ್ಟು. 2003ರ ಹಚ್ ಮೊಬೈಲ್ ಜಾಹೀರಾತು ನೋಡಿ ಪಗ್ ತಂದವರು ದೇಶದ ತುಂಬ ಇದ್ದಾರೆ. ನಮ್ಮ ಬೇಸಿಗೆಯಲ್ಲಿ ಹಗಲು ಹೊತ್ತು ಅದನ್ನು ಬಾಗಿಲು ಹಾಕಿದ ಕ್ರೇಟಿನಲ್ಲಿ ಬಿಡಲೇಬಾರದು.

ಹಾಗಾದರೆ ಗೂಡು ಎಲ್ಲಿಡಬೇಕು? ಮೇಲ್ಮಹಡಿಯ ಕೋಣೆ, ತಗಡಿನ ಚಾವಣಿಯ ಕೆಳಗೆ, ತಾರಸಿ, ಪಶ್ಚಿಮದ ಬಿಸಿಲು ಬೀಳುವ ಜಗಲಿ, ಇವು ನಾಲ್ಕೂ ಬೇಡ. ಆರ್‌ಸಿಸಿ ಚಾವಣಿ ಹಗಲು ಹೀರಿದ ಶಾಖವನ್ನು ರಾತ್ರಿ ಬಹಳ ಹೊತ್ತಿನವರೆಗೆ ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ಅಲ್ಲಿನ ನಡುಮನೆ ನಾಯಿಗೂ ಒಳ್ಳೆಯ ಜಾಗ. ಹೊಸ ಮನೆಯಲ್ಲಿ ಕೆಳಮಹಡಿಯ ಒಳಮೂಲೆ, ಎದುರುಬದುರು ಕಿಟಕಿ ಇರುವ ಕೋಣೆ ಆದೀತು. ಅಡುಗೆಮನೆಯ ಒಲೆಯಿಂದ ದೂರ ಇರಲಿ, ಆದರೆ ಮನೆಯವರ ಮಾತು ಕೇಳುವಷ್ಟು ಹತ್ತಿರ ಇರಲಿ. ನಮ್ಮ ಜಿಲ್ಲೆಗಳ ಮನೆಗಳಿಗೆ ಒಂದು ಅನುಕೂಲ ಇದೆ: ಬೇತಂಚೆರ್ಲದ ಪಾಲಿಶ್ ಕಲ್ಲಿನ ನೆಲ. ತಂತಿಯ ಕ್ರೇಟಿನ ತಳದ ಪ್ಲಾಸ್ಟಿಕ್ ತಟ್ಟೆ ತೆಗೆದು, ಒಂದು ಕಲ್ಲಿನ ತುಂಡನ್ನು ಗೂಡಿನ ಅರ್ಧಭಾಗಕ್ಕೆ ಸರಿಯಾಗಿ ಕತ್ತರಿಸಿ ತಳದ ತಂತಿಯ ಮೇಲೆ ಅಲ್ಲಾಡದಂತೆ ಹಾಸಿ. ಅಂಚನ್ನು ಉಜ್ಜಿ ನುಣುಪು ಮಾಡಿಸಿ. ಉಳಿದರ್ಧಕ್ಕೆ ಹಳೆ ಕೌದಿ ಮಡಚಿ ಹಾಕಿ. ಮಧ್ಯಾಹ್ನ ನಾಯಿ ಹೊಟ್ಟೆಯನ್ನು ಕಲ್ಲಿಗೆ ಅಂಟಿಸಿ ಮಲಗುತ್ತದೆ, ನಸುಕಿನ ತಂಪಿಗೆ ಕೌದಿಗೆ ಸರಿಯುತ್ತದೆ. ಆಯ್ಕೆ ಅದರದೇ ಆಗಿರುತ್ತದೆ.

ಒದ್ದೆ ಗೋಣಿಚೀಲದ ಉಪಾಯ ಎಲ್ಲರಿಗೂ ಗೊತ್ತು. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಆದರೆ ಗೂಡಿನ ಒಂದು ಬದಿಗೆ ಮಾತ್ರ ಇಳಿಬಿಟ್ಟು ಅದರಾಚೆಯಿಂದ ಫ್ಯಾನಿನ ಗಾಳಿ ಬರುವಂತಿದ್ದರೆ. ನಾಲ್ಕೂ ಕಡೆ ಒದ್ದೆ ಚೀಲ ಹೊದಿಸಿದರೆ ಒಳಗೆ ಹಬೆ ಕಟ್ಟುತ್ತದೆ. ಮಳೆಗಾಲದ ಸೆಕೆಯಲ್ಲಿ ಈ ಉಪಾಯ ಹೆಚ್ಚು ಫಲ ಕೊಡುವುದಿಲ್ಲ. ಬೀಜದ, ಗೊಬ್ಬರದ, ಔಷಧಿಯ ಚೀಲ ಎಷ್ಟು ತೊಳೆದರೂ ಬಳಸಬೇಡಿ; ನಾಯಿ ಅದನ್ನು ನೆಕ್ಕುತ್ತದೆ, ಕಡಿಯುತ್ತದೆ. ಕೂಲರ್ ನಂಬಿ ಬಾಗಿಲು ಹಾಕಿ ಹೊರಗೆ ಹೋಗುವವರು ಕರೆಂಟ್ ಹೋದರೆ ಏನು ಗತಿ ಎಂದು ಒಮ್ಮೆ ಯೋಚಿಸಬೇಕು. ಬಿಟ್ಟ ನಾಯಿ ಎದ್ದು ಬಚ್ಚಲಿಗೆ ಹೋಗಿ ತಣ್ಣಗಿನ ನೆಲದ ಮೇಲೆ ಬೀಳುತ್ತದೆ. ಕ್ರೇಟಿನ ನಾಯಿಗೆ ಆ ದಾರಿ ಇಲ್ಲ. ಆದ್ದರಿಂದ ಬೇಸಿಗೆಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಿದ್ದರೆ ಕ್ರೇಟಿನ ಬಾಗಿಲು ಹಾಕಬಾರದು. ನಾಯಿ ವಿಪರೀತ ತೇಕುತ್ತ, ಜೊಲ್ಲು ಸುರಿಸುತ್ತ, ಕಾಲು ತಡವರಿಸಿದರೆ ಕೂಡಲೇ ಹೊರಗೆ ತಂದು ಮೈಮೇಲೆ ನೀರು ಸುರಿದು ಫ್ಯಾನ್ ಹಾಕಿ. ಆಸ್ಪತ್ರೆಗೆ ಹೊರಡುವ ಮುಂಚೆಯೇ ತಂಪು ಮಾಡಲು ಶುರುಮಾಡಬೇಕು.

ಅಳತೆ, ತಯಾರಿಕೆ, ಶುಚಿ

ಗೂಡಿನ ಅಳತೆಗೆ ವಿಮಾನದಲ್ಲಿ ಪ್ರಾಣಿ ಸಾಗಿಸಲು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ ಬಳಸುವ ಲೆಕ್ಕ ಒಳ್ಳೆಯ ಆಧಾರ. ನಾಯಿಯನ್ನು ನಿಲ್ಲಿಸಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯಿರಿ; ಅದಕ್ಕೆ ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಗೂಡಿನ ಉದ್ದ. ಭುಜದ ಅಗಲದ ಎರಡರಷ್ಟು ಗೂಡಿನ ಅಗಲ. ನಿಂತ ನಾಯಿಯ ತಲೆ ಅಥವಾ ಕಿವಿಯ ತುದಿಯವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಗೂಡಿನ ಎತ್ತರ. ಮೂಗಿನಿಂದ ಬಾಲದವರೆಗೆ 70 ಸೆಂ.ಮೀ., ಮೊಣಕೈಗೆ 30, ಭುಜ 20, ಎತ್ತರ 58 ಸೆಂ.ಮೀ. ಇರುವ ಊರನಾಯಿಗೆ ಈ ಲೆಕ್ಕದಲ್ಲಿ 85 ಸೆಂ.ಮೀ. ಉದ್ದ, 40 ಅಗಲ, 58ಕ್ಕಿಂತ ತುಸು ಹೆಚ್ಚು ಎತ್ತರ ಬೇಕು. ಅಂಗಡಿಯಲ್ಲಿ ಕ್ರೇಟುಗಳು 24, 30, 36, 42, 48 ಇಂಚಿನ ಅಳತೆಯಲ್ಲಿ ಬರುತ್ತವೆ. ಈ ನಾಯಿಗೆ 36 ಇಂಚು ಸರಿ. ಇದು ಪ್ರಯಾಣಕ್ಕೆ ಸಾಲುವ ಕನಿಷ್ಠ ಅಳತೆ. ಮನೆಯಲ್ಲಿ, ಅದರಲ್ಲೂ ನಮ್ಮ ಸೆಕೆಗೆ, ಒಂದು ಅಳತೆ ದೊಡ್ಡದನ್ನೇ ತರುವುದು ಮೇಲು, ಏಕೆಂದರೆ ಬೇಸಿಗೆಯಲ್ಲಿ ನಾಯಿ ಮುದುಡಿ ಮಲಗುವುದಿಲ್ಲ, ನಾಲ್ಕೂ ಕಾಲು ಚಾಚುತ್ತದೆ. ಮರಿಗಾದರೆ ದೊಡ್ಡ ಗೂಡಿನ ನಡುವೆ ಅಡ್ಡ ತಡಿಕೆ ಇಟ್ಟು ಜಾಗ ಕಿರಿದು ಮಾಡಿ. ಮಲಗುವ ಜಾಗ ಹೊಲಸು ಮಾಡಿಕೊಳ್ಳಲು ಮರಿ ಹಿಂಜರಿಯುತ್ತದೆ. ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುವಷ್ಟು ಜಾಗ ಇದ್ದರೆ ಆ ಹಿಂಜರಿಕೆಯಿಂದ ಪ್ರಯೋಜನವಿಲ್ಲ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ, ಗಟ್ಟಿಯೂ ಇರುತ್ತದೆ. ಆದರೆ ಮಾಡುವವರ ಪಕ್ಕ ನಿಂತು ಕೆಲವು ಸಂಗತಿ ನೋಡಿಕೊಳ್ಳಬೇಕು. ಸರಳುಗಳ ನಡುವೆ ಮರಿಯ ತಲೆ ತೂರುವಷ್ಟು ಸಂದು ಇರಬಾರದು. ವೆಲ್ಡಿಂಗ್ ಮಾಡಿದ ಜಾಗದ ಮೊನೆಗಳನ್ನು ಗ್ರೈಂಡರ್ ಹಿಡಿದು ಉಜ್ಜಿಸಿ, ಅಂಗೈಯಿಂದ ಸವರಿ ನೋಡಿ. ತಳಕ್ಕೆ ಬರೀ ಜಾಲರಿ ಬೇಡ. ಉಗುರು ಸಿಕ್ಕಿ ಕೀಳುತ್ತದೆ, ಪಾದ ಒಡೆಯುತ್ತದೆ. ಬಾಗಿಲಿಗೆ ಹೊರಗಿನಿಂದ ಒಂದೇ ಕೈಯಲ್ಲಿ ತೆರೆಯಬಹುದಾದ ಚಿಲಕ ಇರಲಿ, ಬೀಗ ಬೇಡ. ಬೆಂಕಿಯೋ ಹಾವೋ ಬಂದಾಗ ಕೀಲಿ ಹುಡುಕುವ ಹೊತ್ತು ಇರುವುದಿಲ್ಲ. ಒಳಗೆ ಬಿಡುವ ಮೊದಲು ಕೊರಳಪಟ್ಟಿ, ಬೆಲ್ಟು, ಗೆಜ್ಜೆ ಎಲ್ಲ ಬಿಚ್ಚಿ. ಪಟ್ಟಿಯ ಉಂಗುರ ತಂತಿಗೆ ಸಿಕ್ಕಿಕೊಂಡರೆ ನಾಯಿ ಗಾಬರಿಯಲ್ಲಿ ಸುತ್ತಿ ಸುತ್ತಿ ತಾನೇ ಉರುಳು ಬಿಗಿದುಕೊಳ್ಳುತ್ತದೆ. ಹತ್ತಿಯ ಊರು ಎಂದು ಹತ್ತಿ ತುಂಬಿದ ಹಾಸಿಗೆ ಹಾಕುವುದೂ ಸಲ್ಲದು; ಮರಿ ಅದನ್ನು ಹರಿದು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ.

ಗೂಡಿನ ಸಂದುಗಳು ಉಣ್ಣೆಗಳಿಗೆ ಬಲು ಇಷ್ಟದ ಜಾಗ. ನಾಯಿಯ ಕಂದು ಉಣ್ಣೆ ರಕ್ತ ಹೀರಿ ಕೆಳಗಿಳಿದು ಗೋಡೆಯ ಬಿರುಕು, ಹಾಸಿಗೆಯ ಮಡಿಕೆಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗಳಿಗೆ ಬರುವ ಉಣ್ಣೆಜ್ವರ ಇದರಿಂದಲೇ. ವಾರಕ್ಕೊಮ್ಮೆ ಗೂಡನ್ನು ಹೊರಗೆ ತಂದು ತೊಳೆದು ಬಿಸಿಲಿಗೆ ಒಣಗಿಸಿ, ಕೌದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಹತ್ತಿ ಬೆಳೆಗೆ ಹೊಡೆಯುವ ಔಷಧಿಯನ್ನು ನೀರಿಗೆ ಬೆರೆಸಿ ನಾಯಿಗೂ ಗೂಡಿಗೂ ಸಿಂಪಡಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅದು ವಿಷ, ಉಣ್ಣೆಯ ಜೊತೆಗೆ ನಾಯಿಯೂ ಹೋಗುತ್ತದೆ. ಪಶುವೈದ್ಯರು ಬರೆದುಕೊಡುವ ಔಷಧಿ ಬೇರೆಯೇ ಇದೆ. ಬೇರೆಯವರು ಬಳಸಿದ ಕ್ರೇಟ್ ಅಗ್ಗಕ್ಕೆ ಸಿಕ್ಕರೆ ಅಲ್ಲಿದ್ದ ಮರಿ ಏನಾಯಿತು ಎಂದು ಕೇಳಿ. ಮರಿಗಳ ಪ್ರಾಣ ತೆಗೆಯುವ ಪಾರ್ವೋ ವೈರಾಣು ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಸೋಪಿಗೆ ಸಾಯುವುದಿಲ್ಲ; ಮೊದಲು ತೊಳೆದು, ಆಮೇಲೆ ಬ್ಲೀಚ್ ದ್ರಾವಣದಿಂದ ಒರೆಸಿ, ಮತ್ತೆ ನೀರು ಹಾಕಿ ಒಣಗಿಸಬೇಕು. ನಮ್ಮ ಕಡೆ ಕಲ್ಲುಸಂದಿನ ಚೇಳುಗಳೂ ಇವೆ. ಗೂಡು ನೆಲಮಟ್ಟದಲ್ಲಿದ್ದರೆ ದಿನವೂ ಸಂಜೆ ಹಾಸಿಗೆ ಕೊಡವಿ ಹಾಕುವುದು ರೂಢಿಯಾಗಲಿ.

ಬಾಗಿಲು ತೆರೆದಿಟ್ಟೇ ಕಲಿಸುವುದು

ಕಲಿಸುವ ಕೆಲಸ ಅವಸರದ್ದಲ್ಲ. ಮೊದಲ ಕೆಲವು ದಿನ ಬಾಗಿಲನ್ನು ಹಿಂದಕ್ಕೆ ಮಡಚಿ ದಾರದಿಂದ ಕಟ್ಟಿಬಿಡಿ. ಗಾಳಿಗೆ ದಡಕ್ಕನೆ ಮುಚ್ಚಿದರೆ ಮರಿ ಮತ್ತೆ ಅತ್ತ ಸುಳಿಯುವುದಿಲ್ಲ. ಒಳಗೆ ಬೇಯಿಸಿದ ಮೊಟ್ಟೆಯ ಚೂರನ್ನೋ ಜೋಳದ ರೊಟ್ಟಿಯ ತುಂಡನ್ನೋ ಹಾಕಿ ಸುಮ್ಮನಿರಿ. ಕುತ್ತಿಗೆ ಚಾಚಿ ಎತ್ತಿಕೊಂಡು ಹಿಂದೆ ಬರುತ್ತದೆ, ಬರಲಿ. ನಿಧಾನವಾಗಿ ತುಂಡನ್ನು ಇನ್ನಷ್ಟು ಒಳಗೆ ಹಾಕುತ್ತ ಹೋಗಿ. ನಾಲ್ಕೂ ಕಾಲು ಒಳಗಿಟ್ಟು ನಿರಾಳವಾಗಿ ನಿಲ್ಲುವಂತಾದ ಮೇಲೆ ಊಟದ ತಟ್ಟೆಯನ್ನೇ ಅಲ್ಲಿಡಿ. ಅದು ತಿನ್ನುವಷ್ಟು ಹೊತ್ತು ಮಾತ್ರ ಬಾಗಿಲು ಸರಿಸಿ, ತಿಂದು ಮುಗಿಸುವ ಮೊದಲೇ ತೆರೆಯಿರಿ. ಆಮೇಲೆ ಎರಡು ನಿಮಿಷ, ಐದು ನಿಮಿಷ, ನೀವು ಎದುರಿಗೇ ಕುಳಿತು. ಅದಕ್ಕೆ ಒಗ್ಗಿದ ಮೇಲೆ ಪಕ್ಕದ ಕೋಣೆಗೆ ಹೋಗಿಬಂದು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರನ್ನ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಆಸೆ ತೋರಿಸಲೆಂದು ಕೂಡ ಕೊಡಬಾರದು. ಮುಖ್ಯ ಮಾತು ಇನ್ನೊಂದಿದೆ: ತಪ್ಪು ಮಾಡಿದಾಗ ಶಿಕ್ಷೆಗೆಂದು ಗೂಡಿಗೆ ತಳ್ಳಬಾರದು, ಮಕ್ಕಳು ಗೂಡಿನೊಳಗೆ ಕೈ ಹಾಕಬಾರದು, ನಾಯಿ ಅಲ್ಲಿ ಮಲಗಿದಾಗ ಎಬ್ಬಿಸಬಾರದು. ಈ ಮೂರು ನಿಯಮ ಉಳಿದರೆ ಗೂಡು ನಾಯಿಯದಾಗುತ್ತದೆ, ಮುರಿದರೆ ಅದು ಬರೀ ಬೋನು.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರ ನಾಯಿಯ ವಯಸ್ಸಿನಲ್ಲಿದೆ. ಎರಡು ತಿಂಗಳ ಮರಿ ಹಗಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು. ನಾಲ್ಕು ತಿಂಗಳಿಗೆ ಮೂರು ಗಂಟೆ. ಬೆಳೆದ ನಾಯಿಗೂ ಹಗಲಲ್ಲಿ ಒಮ್ಮೆಗೆ ನಾಲ್ಕು ಗಂಟೆ ಮೀರಬಾರದು, ಅದೂ ಮುಂಚೆ ಓಡಾಡಿಸಿ ಮಲಮೂತ್ರ ಮಾಡಿಸಿದ್ದರೆ, ಕುಡಿಯಲು ನೀರಿದ್ದರೆ. ನೀರಿನ ಬಟ್ಟಲು ಉರುಳದಂತೆ ತಂತಿಗೆ ಸಿಕ್ಕಿಸುವಂಥದ್ದಿರಲಿ. ಹತ್ತಿ ಮಿಲ್ಲಿನಲ್ಲಿ ಎಂಟು ಗಂಟೆಯ ಪಾಳಿ ಮಾಡುವವರು, ಗಂಡ ಹೆಂಡತಿ ಇಬ್ಬರೂ ಹೊರಗೆ ದುಡಿಯುವವರು ನಾಯಿಯನ್ನು ಅಷ್ಟು ಹೊತ್ತು ಕ್ರೇಟಿನಲ್ಲಿಡುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಬೇಕಾದದ್ದು ಖಾಲಿ ಕೋಣೆ ಅಥವಾ ನೆರಳಿರುವ, ಬೇಲಿ ಹಾಕಿದ ಹಿತ್ತಲು, ಮತ್ತು ನಡುವೆ ಒಮ್ಮೆ ಬಂದು ನೋಡುವ ನೆರೆಯವರು.

ಯಾವ ಹೊತ್ತಿಗೆ ನಿಜವಾಗಿ ಬೇಕು

ಹೀಗೆ ಪಳಗಿದ ಗೂಡು ಉಪಯೋಗಕ್ಕೆ ಬರುವ ಸಂದರ್ಭಗಳು ಹಲವಿವೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿಗೆ ಬಿಡದೆ ಕಾಯಬೇಕಾದಾಗ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಮಾಯುವ ಹತ್ತು ದಿನ ಜಿಗಿಯದಂತೆ ನೋಡಿಕೊಳ್ಳಬೇಕಾದಾಗ. ಮನೆಯಲ್ಲಿ ತೊಟ್ಟಿಲ ಕೂಸು ಇದ್ದು ನೆಂಟರು ತುಂಬಿದಾಗ. ಗಣೇಶನ ಮೆರವಣಿಗೆಯ ಡಿಜೆ, ದೀಪಾವಳಿಯ ಪಟಾಕಿ ಇನ್ನೊಂದು ಸಂದರ್ಭ. ಮನುಷ್ಯರ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯ ಕಿವಿ 45 ಸಾವಿರದವರೆಗೆ ಕೇಳುತ್ತದೆ. ಪಟಾಕಿ ರಾತ್ರಿ ಗೋಡೆ ಹಾರಿ ದಿಕ್ಕೆಟ್ಟು ಓಡಿದ ನಾಯಿ ವಾಪಸು ಬರದೇ ಇರಬಹುದು. ವಿಜಯದಶಮಿಯ ರಾತ್ರಿ ದೇವರಗಟ್ಟಿನ ಬನ್ನಿ ಉತ್ಸವಕ್ಕೆ ದೊಣ್ಣೆ, ದೀವಟಿಗೆ ಹಿಡಿದ ಸಾವಿರಾರು ಮಂದಿ ಸೇರುವ ಹೊಳಗುಂದ ಸುತ್ತಿನ ಊರುಗಳಲ್ಲೂ ನಾಯಿಯನ್ನು ಆ ರಾತ್ರಿ ಮನೆಯೊಳಗೆ ಇಟ್ಟುಕೊಳ್ಳುವುದು ಲೇಸು. ಆದರೆ ಆ ದಿನವೇ ಗೂಡು ತಂದು ಒಳಗೆ ತಳ್ಳಿದರೆ ಹೆದರಿದ ನಾಯಿ ತಂತಿ ಕಡಿದು ಹಲ್ಲು ಮುರಿದುಕೊಳ್ಳುತ್ತದೆ. ತಿಂಗಳ ಮುಂಚೆ ಅಭ್ಯಾಸ ಮಾಡಿಸಿ, ಹಬ್ಬದ ದಿನ ಬಾಗಿಲು ತೆರೆದೇ ಇಟ್ಟು, ಕೋಣೆಯ ಕಿಟಕಿ ಮುಚ್ಚಿ, ಒಳಗೆ ಫ್ಯಾನ್ ಹಾಕಿ ಬಿಡಿ.

ನಾಯಿ ಯಾರನ್ನಾದರೂ ಕಚ್ಚಿದಾಗಲೂ ಗೂಡು ನೆರವಾಗುತ್ತದೆ. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು; ನಾಯಿಗೆ ಏನಾಗುತ್ತದೋ ನೋಡೋಣ ಎಂದು ಕಾಯಬಾರದು. ಜೊತೆಗೆ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಡಬೇಕು. ಹತ್ತು ದಿನದ ನಂತರವೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದು ಅರ್ಥ. ಕಚ್ಚಿದ ನಾಯಿಯನ್ನು ಹೊಡೆದು ಓಡಿಸಿಬಿಟ್ಟರೆ ಈ ಮಾಹಿತಿಯೇ ಕೈತಪ್ಪುತ್ತದೆ.

ಪ್ರಯಾಣದಲ್ಲಿ ಕ್ರೇಟಿಗೆ ಬದಲಿ ಇಲ್ಲ. ಆದೋನಿಯಿಂದ ಕರ್ನೂಲು ಸುಮಾರು 100 ಕಿ.ಮೀ.; ಗಡಿಯ ಊರುಗಳವರು ಬಳ್ಳಾರಿಗೂ ಹೋಗುತ್ತಾರೆ. ಕಾರಿನಲ್ಲಿ ಸಡಿಲವಾಗಿ ಬಿಟ್ಟ ನಾಯಿ ದಿಢೀರ್ ಬ್ರೇಕಿಗೆ ಮುಂದಕ್ಕೆ ಹಾರಿ ಬೀಳುತ್ತದೆ. ಗೂಡನ್ನು ಸೀಟಿಗೆ ಬಿಗಿದು ಕಟ್ಟಿದರೆ ಆ ಅಪಾಯ ತಪ್ಪುತ್ತದೆ. ಚಹಾ ಕುಡಿದು ಬರುತ್ತೇವೆಂದು ಕಾರಿನಲ್ಲಿ ಬಿಟ್ಟು ಹೋಗುವುದು ಮಾತ್ರ ಬೇಡ. ನಿಂತ ಕಾರಿನ ಒಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ ಶೇ. 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ, ಕಿಟಕಿ ತುಸು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗದು ಎಂದು ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿರುವ ಆದೋನಿಯಿಂದ ರೈಲಿನಲ್ಲಿ ಹೋಗುವವರು ನಿಯಮ ತಿಳಿದಿರಬೇಕು: ಪ್ರಥಮ ದರ್ಜೆಯಲ್ಲಿ ಪೂರ್ತಿ ಕೂಪೆ ಕಾಯ್ದಿರಿಸಿದರೆ ನಾಯಿ ಜೊತೆಗಿರಬಹುದು, ಇಲ್ಲದಿದ್ದರೆ ಬ್ರೇಕ್‌ವ್ಯಾನಿನ ನಾಯಿಪೆಟ್ಟಿಗೆಗೆ ಬುಕ್ ಮಾಡಬೇಕು. ಸ್ಲೀಪರ್, ಎಸಿ ಎರಡನೇ ಮತ್ತು ಮೂರನೇ ದರ್ಜೆಯಲ್ಲಿ ಅವಕಾಶ ಇಲ್ಲ. ಬೇಸಿಗೆಯ ಹಗಲಿನಲ್ಲಿ ಬ್ರೇಕ್‌ವ್ಯಾನಿನ ಪೆಟ್ಟಿಗೆಯಲ್ಲಿ ಕಳಿಸುವುದಕ್ಕಿಂತ ಪ್ರಯಾಣವನ್ನೇ ಮುಂದೂಡುವುದು ಒಳ್ಳೆಯದು.

ಆಕ್ಷೇಪಗಳಿಗೆ ಉತ್ತರ

ನಾಯಿಯನ್ನು ಮುಚ್ಚಿಡುವುದೇ ಕ್ರೌರ್ಯ ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಸ್ವೀಡನ್ ಮತ್ತು ಫಿನ್ಲೆಂಡ್‌ಗಳಲ್ಲಿ ಪ್ರಯಾಣ, ಕಾಯಿಲೆಯಂಥ ತಾತ್ಕಾಲಿಕ ಕಾರಣ ಬಿಟ್ಟರೆ ಮನೆಯೊಳಗೆ ನಾಯಿಯನ್ನು ಚಿಕ್ಕ ಗೂಡಿನಲ್ಲಿ ಮುಚ್ಚಿಡಲು ಕಾನೂನು ಬಿಡುವುದಿಲ್ಲ. ಆ ನಿಯಮ ವಿರೋಧಿಸುವುದು ಮುಚ್ಚಿದ ಬಾಗಿಲನ್ನು. ತೆರೆದ ಗೂಡಿನಲ್ಲಿ ನಾಯಿ ತಾನಾಗಿ ಹೋಗಿ ಮಲಗುವುದನ್ನಲ್ಲ. ನಾನು ಹೇಳುತ್ತಿರುವ ಬಳಕೆಯೂ ಆ ನಿಯಮದ ಆಶಯಕ್ಕೆ ಹತ್ತಿರವೇ ಇದೆ. ಕಾವಲಿಗೆ ಸಾಕಿದ ನಾಯಿಗೆ ಗೂಡೇಕೆ ಎಂಬುದು ಇನ್ನೊಂದು ಆಕ್ಷೇಪ. ಕಾವಲಿಗೆ ಬೇಕಾದದ್ದು ಕಿವಿ ಮತ್ತು ದನಿ. ನಡುಮನೆಯಲ್ಲಿ ಮಲಗಿದ ನಾಯಿಯೂ ಕಾಂಪೌಂಡಿನಾಚೆಯ ಸಪ್ಪಳ ಕೇಳಿ ಬೊಗಳುತ್ತದೆ. ಹಗಲು ನೆಮ್ಮದಿಯಾಗಿ ನಿದ್ದೆ ಮಾಡಿದ ನಾಯಿ ರಾತ್ರಿ ಹೆಚ್ಚು ಎಚ್ಚರವಾಗಿರುತ್ತದೆ. ಊರನಾಯಿಗೆ ಇದೆಲ್ಲ ಯಾಕೆ, ದುಡ್ಡು ದಂಡ ಎನ್ನುವವರಿಗೆ ನನ್ನ ಉತ್ತರ ಇದು: ದುಡ್ಡು ಕೊಟ್ಟು ಕೊಂಡ ಕ್ರೇಟೇ ಬೇಕೆಂದಿಲ್ಲ. ಮೆಟ್ಟಿಲ ಕೆಳಗಿನ ನೆರಳಿಗೆ ಒಂದು ಕಲ್ಲು, ಒಂದು ಕೌದಿ, ಎದುರಿಗೆ ಅರ್ಧಬಾಗಿಲು ಇದ್ದರೆ ಅದೂ ಗೂಡೇ. ಸುರಕ್ಷೆಯ ತತ್ವ ಒಂದೇ.

ಕೊನೆಗೆ, ಯಾರು ಕ್ರೇಟ್ ಕೊಳ್ಳಬಾರದು ಎಂಬುದನ್ನು ಹೇಳುವುದು ನನ್ನ ಕರ್ತವ್ಯ. ಒಂಟಿಯಾಗಿ ಬಿಟ್ಟ ಕೂಡಲೇ ಊಳಿಡುವ, ಬಾಗಿಲು ಕೆರೆಯುವ, ಜೊಲ್ಲು ಸುರಿಸಿ ನಡುಗುವ ನಾಯಿಯಿದ್ದವರು ಮೊದಲು ಪಶುವೈದ್ಯರನ್ನು ಕಾಣಲಿ. ಅಂಥ ನಾಯಿಗೆ ಮುಚ್ಚಿದ ಗೂಡು ಭಯವನ್ನು ಹೆಚ್ಚಿಸುತ್ತದೆ. ದಿನಕ್ಕೆ ಎರಡು ಸಲ, ಬೇಸಿಗೆಯಾದರೆ ನೆಲ ಕಾಯುವ ಮುನ್ನ ಮತ್ತು ಆರಿದ ಮೇಲೆ, ನಾಯಿಯನ್ನು ತಿರುಗಾಡಿಸಲು ಬಿಡುವಿಲ್ಲದವರಿಗೆ ಕ್ರೇಟ್ ಕೊಡುವುದು ತಪ್ಪು ಮುಚ್ಚಿಕೊಳ್ಳುವ ಅನುಕೂಲ ಮಾತ್ರ. ರೇಬಿಸ್ ಲಸಿಕೆ ಹಾಕಿಸದವರು ಗೂಡಿನ ದುಡ್ಡನ್ನು ಮೊದಲು ಅದಕ್ಕೆ ಖರ್ಚು ಮಾಡಲಿ. ಇವೆಲ್ಲ ಸರಿಯಿದ್ದು ಗೂಡು ತಂದವರು ಹದಿನೈದು ದಿನ ಕಳೆದ ಮೇಲೆ ಒಂದು ಸಂಗತಿ ಪರೀಕ್ಷಿಸಲಿ: ಯಾರೂ ಕರೆಯದೆ, ಒಳಗೆ ತಿನಿಸಿಲ್ಲದೆ, ಬಾಗಿಲು ತೆರೆದಿರುವಾಗ ನಾಯಿ ತಾನಾಗಿ ಒಳಗೆ ಹೋಗಿ ಮಲಗುತ್ತದೆಯೇ? ಹೌದು ಎಂದಾದರೆ ಬಾಗಿಲು ಹಾಕುವ ಆ ಕೆಲವೇ ಹೊತ್ತುಗಳಿಗೆ ಅದರ ಒಪ್ಪಿಗೆ ಸಿಕ್ಕಂತೆ. ಇಲ್ಲವಾದರೆ ದೋಷ ನಾಯಿಯದಲ್ಲ. ಇಟ್ಟ ಜಾಗವೋ ಸೆಕೆಯೋ ನಮ್ಮ ಅವಸರವೋ ಕಾರಣ. ಅದನ್ನು ಸರಿಪಡಿಸಿ ಮತ್ತೆ ಮೊದಲಿನಿಂದ ಕಲಿಸಬೇಕು, ಅಲ್ಲಿಯವರೆಗೆ ಬಾಗಿಲಿಗೆ ಚಿಲಕ ಹಾಕಬಾರದು.